ಮುಳ್ಳುಹಂದಿ ಹೆಲ್ಮೆಟ್ಟಿನ ದಂಡಯಾತ್ರೆ

"ಈ ಭಾನುವಾರ ಆ ಹಕ್ಕಿ ಇರಬೇಕು, ಇಲ್ಲ ನಾನಿರಬೇಕು!"

ಕ್ಲೈವ್ ಪೆನ್‌ಬರ್ತಿ ಹೀಗೆಂದು ಗುಡುಗಿ ಮೇಜು ಗುದ್ದಿದ. ಚಹಾ ಕಪ್ಪುಗಳು ನಡುಗಿದವು. ಟೋಸ್ಟಿಗೆ ವೆಜಿಮೈಟ್ ಸವರುತ್ತಿದ್ದ ಹೆಂಡತಿ ಗ್ಲೆನಿಸ್ ಮಾತ್ರ ತಲೆ ಎತ್ತಲಿಲ್ಲ.

"ಹಕ್ಕಿ ಇರುತ್ತೆ ಬಿಡು, ಅದರ ಮನೆ ಅಲ್ಲೇ ಇದೆಯಲ್ಲ. ನಿನ್ನ ಕಥೆ ಹೇಳು," ಎಂದಳು.

ಕ್ಲೈವ್‌ನ ಕಥೆ ಊರಿಗೆಲ್ಲ ಗೊತ್ತಿತ್ತು. ಗುಡ್ಡದ ಸೈಕಲ್ ಕ್ಲಬ್ಬಿಗೆ ಮೊದಲೆಲ್ಲ ಅವನೇ ಮುಂದಾಳು. ಕಲ್ಲಿರಲಿ, ಬೇರಿರಲಿ, ಕೊರಕಲಿರಲಿ, ಮುಂದಿನ ಸೈಕಲ್ ಅವನದೇ! ಆದರೆ ಕಳೆದ ವಸಂತದಲ್ಲಿ, ಗುಡ್ಡದ ತಿರುವಿನ ನೀಲಗಿರಿ ಮರದಲ್ಲಿ ಗೂಡು ಕಟ್ಟಿದ್ದ ಮ್ಯಾಗ್‌ಪೈ ಹಕ್ಕಿಯೊಂದು ಮರಿಗಳ ಚಿಂತೆಯಲ್ಲಿ ಅವನ ಮೇಲೆರಗಿತು. ಕ್ಲೈವ್ ಸೈಕಲ್ ಬಿಸಾಕಿ, ಕ್ಲಬ್ಬಿನವರೆಲ್ಲ ನೋಡುತ್ತಿದ್ದಂತೆ ಮುಳ್ಳಿನ ಪೊದೆಗೆ ಹಾರಿದ. ಪೊದೆಯಿಂದ ಹೊರಬರುವಷ್ಟರಲ್ಲಿ ಮುಂದಾಳುತನ ಗ್ಲೆನಿಸ್ ಪಾಲಾಗಿತ್ತು. ಈ ಹಕ್ಕಿಗಳು ಮುಖ ಮರೆಯುವುದಿಲ್ಲ. ಉಳಿದವರನ್ನು ತಮ್ಮ ಪಾಡಿಗೆ ಹೋಗಲು ಬಿಡುತ್ತಿದ್ದ ಅದು, ಕ್ಲೈವ್‌ನ ಮೂಗು ಕಂಡರೆ ಸಾಕು, ಕೆಂಡವಾಗುತ್ತಿತ್ತು.

ಕೊನೆಗೆ ಕ್ಲಬ್ ಒಂದು ಮಾತು ಕೊಟ್ಟಿತು. ಈ ವಸಂತದ ಮೊದಲ ಸವಾರಿಯಲ್ಲಿ ಕ್ಲೈವ್ ಕಾಲು ನೆಲಕ್ಕೆ ತಾಗಿಸದೆ ಆ ಮರ ದಾಟಿ ಗುಡ್ಡದ ತುದಿ ಮುಟ್ಟಿದರೆ, ಮುಂದಾಳುತನ ವಾಪಸ್!

ಶನಿವಾರ ಪೂರ್ತಿ ಶೆಡ್ಡಿನಲ್ಲಿ ಶಸ್ತ್ರಾಸ್ತ್ರ ತಯಾರಿ ನಡೆಯಿತು. ಊರಿನವರೆಲ್ಲ ವಸಂತ ಬಂದರೆ ಹೆಲ್ಮೆಟ್ಟಿಗೆ ವೈರು ಬಿಗಿಯುವ ನಾಲ್ಕಾರು ಪ್ಲಾಸ್ಟಿಕ್ ಟೈ ಸಿಕ್ಕಿಸಿ, ಮುಳ್ಳಿನಂತೆ ನಿಲ್ಲಿಸಿಕೊಂಡು ಹೋಗುತ್ತಾರೆ. ಹಕ್ಕಿ ಹತ್ತಿರ ಬರಲು ಹಿಂಜರಿಯಲಿ ಎಂದು. ಕ್ಲೈವ್‌ಗೆ ನಾಲ್ಕಾರು ಯಾವ ಮೂಲೆಗೆ? ಅಂಗಡಿಯಲ್ಲಿದ್ದ ಕಟ್ಟುಗಳನ್ನೆಲ್ಲ ತಂದು ಸಿಕ್ಕಿಸಿದ. ತೂತು ಸಾಲದಾದಾಗ ಒಳಗಿನ ಮೆತ್ತೆಯನ್ನೇ ಕಿತ್ತೆಸೆದು ಇನ್ನಷ್ಟು ಸಿಕ್ಕಿಸಿದ. ಹಕ್ಕಿ ಹಿಂದಿನಿಂದ ಎರಗಲು ಹೆದರಲಿ ಎಂದು ಹಿಂಭಾಗದಲ್ಲಿ ಎರಡು ದೊಡ್ಡ ಕಣ್ಣು ಬರೆದ. ಆಮೇಲೆ ತಲೆಗೇರಿಸಿಕೊಂಡು ಅಡುಗೆಮನೆಗೆ ಬಂದ.

"ಹೇಗಿದೆ?"

"ಮುಳ್ಳುಹಂದಿಗೆ ಸಿಡಿಲು ಹೊಡೆದ ಹಾಗಿದೆ," ಎಂದಳು ಗ್ಲೆನಿಸ್. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದಳು. ಅದು ಬುಟ್ಟಿಯ ಹಾಗೆ ಗಿರಗಿರ ತಿರುಗಿತು. "ಮೆತ್ತೆ ಎಲ್ಲಿ ಮಾರಾಯ?"

"ಮೆತ್ತೆ ಯಾರಿಗೆ ಬೇಕು? ಇದು ಯುದ್ಧ!"

"ಹೆಲ್ಮೆಟ್ ಇರೋದು ಬಿದ್ದರೆ ಬುರುಡೆ ಉಳೀಲಿ ಅಂತ ಕಣೋ. ಹಕ್ಕಿ ಜೊತೆ ಜಗಳ ಆಡೋಕಲ್ಲ. ಹೋಗ್ಲಿ, ಗದ್ದದ ಪಟ್ಟಿನಾದ್ರೂ ಬಿಗಿ ಮಾಡು."

"ಬಿಗಿ ಮಾಡಿದ್ರೆ ಯುದ್ಧಘೋಷ ಹೊರಡಲ್ಲ!" ಎಂದ ಕ್ಲೈವ್.

ಭಾನುವಾರ ಬೆಳಿಗ್ಗೆ ಸೇನೆ ಹೊರಟಿತು. ಮುಂದೆ ಕ್ಲೈವ್, ಹಿಂದೆ ಗ್ಲೆನಿಸ್, ಅವಳ ಹಿಂದೆ ಬೇಕರಿಯ ಡೇರಿಯೊ, ಬೆನ್ನುಚೀಲದಲ್ಲಿ ಎಲ್ಲರಿಗೂ ಕೇಕ್ ಹೊತ್ತುಕೊಂಡು. ಅವನ ಹಿಂದೆ ಉಳಿದವರು. ಮಣ್ಣು ಹಾರುತ್ತಿತ್ತು, ಕಲ್ಲು ಸಿಡಿಯುತ್ತಿತ್ತು, ಕ್ಲೈವ್‌ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಬಂತು ತಿರುವು! ಬಂತು ಮರ! ಬಂದೇ ಬಿಟ್ಟಿತು ಹಕ್ಕಿ!

"ಬಾರೋ! ಬಾ! ಚುಚ್ಚು ನೋಡೋಣ!"

ರೆಕ್ಕೆಯ ಸದ್ದು ಕಿವಿಯ ಪಕ್ಕದಲ್ಲೇ ಕೇಳಿತು. ವೀರ ಕ್ಲೈವ್ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ದಾರಿಗೆ ಬಾಗಿದ್ದ ಕೊಂಬೆಯಡಿ ನುಗ್ಗಿದ. ಏನೋ ಒಮ್ಮೆ ಜಗ್ಗಿದ ಹಾಗಾಯಿತು. ಆಮೇಲೆ ಸದ್ದಿಲ್ಲ, ಕುಟುಕಿಲ್ಲ! ತಲೆ ಹೂವಿನಷ್ಟು ಹಗುರವಾಯಿತು. ವರ್ಷದ ಹಗೆ ತೀರಿದರೆ ತಲೆ ಹಗುರಾಗದೆ ಇನ್ನೇನಾದೀತು ಎಂದುಕೊಂಡು ಇನ್ನೂ ಜೋರಾಗಿ ತುಳಿದ. ಹಿಂದಿನಿಂದ ಗ್ಲೆನಿಸ್ "ಕ್ಲೈವ್! ಕ್ಲೈವ್!" ಎಂದು ಕಿರುಚುತ್ತಿದ್ದದ್ದು ಅವನಿಗೆ ಜೈಕಾರದಂತೆ ಕೇಳಿಸಿತು.

ಗುಡ್ಡದ ತುದಿಯಲ್ಲಿ ಎರಡೂ ಕೈ ಮೇಲೆತ್ತಿ ನಿಂತ. "ಕಾಲು ನೆಲಕ್ಕೆ ತಾಗಲಿಲ್ಲ! ನೋಡಿದ್ರಲ್ಲ? ಮುಂದಾಳು ಯಾರು? ಹೇಳ್ರೋ, ಯಾರು?"

ಎಲ್ಲರೂ ಅವನ ಬೋಳು ತಲೆಯನ್ನೇ ನೋಡುತ್ತಿದ್ದರು. ಅದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಹೆಲ್ಮೆಟ್ ಎಲ್ಲಿ?" ಎಂದಳು ಗ್ಲೆನಿಸ್. "ಆ ಕಲ್ಲುಗಳ ಮೇಲೆ ಬರೀ ತಲೇಲಿ ಬಂದಿದ್ದೀಯ! ಬಿದ್ದಿದ್ರೆ ನಾನೇನ್ ಮಾಡ್ಬೇಕಿತ್ತು, ಮುಠ್ಠಾಳ?"

ಕ್ಲೈವ್ ತಲೆ ಮುಟ್ಟಿ ನೋಡಿಕೊಂಡ. ಕೊಂಬೆಗೆ ಮುಳ್ಳುಗಳೆಲ್ಲ ಸಿಕ್ಕಿಕೊಂಡು, ಸಡಿಲವಾಗಿದ್ದ ಹೆಲ್ಮೆಟ್ ಅಲ್ಲೇ ಉಳಿದಿತ್ತು!

"ಕ್ಲಬ್ಬಿನ ರೂಲು ಗೊತ್ತಲ್ಲ," ಎಂದ ಡೇರಿಯೊ ಮೆಲ್ಲಗೆ. "ಹೆಲ್ಮೆಟ್ ಇಲ್ದೋರು ಸೈಕಲ್ ತಳ್ಕೊಂಡು ಇಳೀಬೇಕು."

"ಆ ಮರದ ಕೆಳಗೇನಾ? ಬರೀ ತಲೇಲಾ?"

ಇಳಿಯಲು ಬೇರೆ ದಾರಿಯಿರಲಿಲ್ಲ. ಡೇರಿಯೊ ಪುಣ್ಯಾತ್ಮ. ಕೇಕ್ ತಂದಿದ್ದ ಐಸ್‌ಕ್ರೀಮ್ ಡಬ್ಬ ಖಾಲಿ ಮಾಡಿ, ಬೋರಲು ಹಾಕಿ ಕ್ಲೈವ್‌ನ ತಲೆಗಿಟ್ಟ. ಊರಿನ ಶಾಲೆಯ ಮಕ್ಕಳು ಹಕ್ಕಿಗೆ ಹೆದರಿ ಹಾಕಿಕೊಳ್ಳುವುದೂ ಅದನ್ನೇ. ಡಬ್ಬ ಮೂಗೂ ಮುಚ್ಚುವಷ್ಟು ಕೆಳಗಿಳಿಯಿತು. ಕಾಲ ಕೆಳಗಿನ ನೆಲ ಬಿಟ್ಟು ಅವನಿಗೇನೂ ಕಾಣುತ್ತಿರಲಿಲ್ಲ.

ಎಲ್ಲರೂ ಗ್ಲೆನಿಸ್ ಹಿಂದೆ ಇಳಿದರು. ಕಟ್ಟಕಡೆಗೆ ಡಬ್ಬಧಾರಿ ಕ್ಲೈವ್. ಮರ ದಾಟಿದ ಮೇಲೆ ಗ್ಲೆನಿಸ್ ಬ್ರೇಕ್ ಹಾಕಿದಳು. ಕೊಂಬೆಯಲ್ಲಿ ಹೆಲ್ಮೆಟ್ ತೂಗುತ್ತಿತ್ತು. ಮ್ಯಾಗ್‌ಪೈ ಅದರ ಮೇಲೆ ಠೀವಿಯಿಂದ ಕೂತು, ಪ್ಲಾಸ್ಟಿಕ್ ಟೈಗಳನ್ನು ಒಂದೊಂದಾಗಿ ಎಳೆದು ನೋಡುತ್ತಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗೆ ಬರುತ್ತಿದ್ದ ಡಬ್ಬವನ್ನು ಹಕ್ಕಿ ಒಮ್ಮೆ ನೋಡಿ, ಆಕಳಿಸುವವರಂತೆ ಕೊಕ್ಕು ತೆರೆದು ಸುಮ್ಮನಾಯಿತು.

"ಏನಾಯ್ತು? ಯಾಕೆ ನಗ್ತಿದ್ದೀರಿ?" ಎಂದ ಕ್ಲೈವ್, ಡಬ್ಬದೊಳಗಿಂದ.

"ಏನೂ ಇಲ್ಲ. ಮಾತಾಡದೆ ಬಂದುಬಿಡು. ಡಬ್ಬ ಮಾತ್ರ ಎತ್ತಬೇಡ," ಎಂದಳು ಗ್ಲೆನಿಸ್.

ಎತ್ತಬೇಡ ಎಂದರೆ ಎತ್ತದೆ ಇರುವ ಜಾಯಮಾನವೇ ಅವನದು? ಎತ್ತಿದ. ಹಕ್ಕಿಯೂ ಅವನೂ ಮುಖಾಮುಖಿಯಾದರು. ಹಕ್ಕಿ ಹೆಲ್ಮೆಟ್ ಬಿಟ್ಟು ಎದ್ದಿತು.

ಸೈಕಲ್ ಒಂದು ಕಡೆ, ಡಬ್ಬ ಒಂದು ಕಡೆ! ಕ್ಲೈವ್ ಬೋಳು ತಲೆಯ ಮೇಲೆ ಎರಡೂ ಕೈ ಹೊತ್ತು, ಎಲ್ಲ ಸೈಕಲ್ಲುಗಳನ್ನೂ ಹಿಂದೆ ಹಾಕಿ, ಗುಡ್ಡದ ಬುಡದತ್ತ ಕಾಲಿಗೆ ಬುದ್ಧಿ ಹೇಳಿದ.

"ನಿಲ್ಬೇಡ ಕ್ಲೈವ್!" ಹಿಂದಿನಿಂದ ಗ್ಲೆನಿಸ್ ಕೂಗಿದಳು. "ಓಡು, ಓಡು! ಈಗ ನೀನೇ ಎಲ್ಲರಿಗಿಂತ ಮುಂದೆ!"