ನಿದ್ದಿ ಬರವಲ್ದು ಅಂತ ಹುಡುಕಿದವರು

ಮಂದಿಯ ಮನಸ್ಸಿನ ಕೆಲಸಕ್ಕೆ ಬಿದ್ದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಾನೇ ಬಸ್ಸು ಹತ್ತಿ ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರ ಸುತ್ತುವ ಆಪ್ತಸಮಾಲೋಚಕ ನಾನು. ಜನ ಮೊಬೈಲಿನಲ್ಲಿ ಯಾವ ಮಾತನ್ನು ಎಷ್ಟು ಹುಡುಕುತ್ತಾರೆ ಅನ್ನುವುದನ್ನು ಏರಿಳಿಯುವ ಒಂದು ಗೆರೆಯಾಗಿ ತೋರಿಸುವ ಜಾಲತಾಣವಿದೆ. ಈ ವರ್ಷ ನನ್ನನ್ನು ಕುಣಿಸಿದ್ದು ಅದೇ.

೧. ಮೇಲೇಳದ ಗೆರೆ

ಶಹಾಪುರದ ಸರ್ಕಾರಿ ಆಸ್ಪತ್ರೆಯಲ್ಲಿರುವ ನಮ್ಮ ಸಮಾಲೋಚನೆ ಕೋಣೆಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಯಾದಗಿರಿಯ ಜಿಲ್ಲಾ ಕಚೇರಿಯ ನಮ್ಮ ಸಾಹೇಬರು ಆ ಜಾಲತಾಣದಲ್ಲಿ ‘ಮಾನಸಿಕ ಆರೋಗ್ಯ’ ಅಂತ ಹಾಕಿ ನೋಡಿದರು. ಗೆರೆ ಮೇಲೇಳಲೇ ಇಲ್ಲ.

“ನಮ್ಮ ಕಡಿ ಮಂದಿ ಭಾಳ ಆರಾಮ ಅದಾರ್ರಿ. ಈ ತಿಂಗಳ ನೋಡೂಣು, ಇಲ್ಲಂದ್ರ ಕೋಣಿ ಬಂದ್ ಮಾಡೂಣು” ಅಂದರು.

ಶಹಾಪುರಕ್ಕೆ ಬಂದು ನಮ್ಮ ಆಯಾಗೆ ಹೇಳಿದೆ. ಆಕೆ ಕಸಬರಿಗೆ ಹಿಡಿದೇ ನಕ್ಕಳು. “ಹಂಗ ಯಾರ ಕೇಳತಾರ್ರಿ? ‘ನಿದ್ದಿ ಬರವಲ್ದು’ ಅಂತ ಹಾಕ್ರಿ.”

ಹಾಕಿದೆ. ಗೆರೆ ಸರ್ರನೆ ಮೇಲಕ್ಕೆ ಏರಿತು. ಮನೆಯವರಿಗೂ ಹೇಳದೆ ನುಂಗಿಕೊಂಡವರು ಇಷ್ಟೊಂದು ಜನ! ಬೆರಗಾಗಿ ಕೂತೇಬಿಟ್ಟೆ.

“ಕಾಲ ಎತ್ರಿ ಸರ್, ಕಸ ಹೊಡೀಬೇಕು” ಅಂದಳು ಆಯಾ.

೨. ಅತ್ತಿ ಎಲ್ಲಿ ಅದಾಳ?

ಸುರಪುರದಲ್ಲಿ ಆಶಾ ಕಾರ್ಯಕರ್ತೆಯರಿಗೆ ಭಾಷಣ ಮಾಡುತ್ತ ಆ ಗೆರೆ ತೋರಿಸಿದೆ. ಬೋನಾಳದಿಂದ ಬಂದಿದ್ದ ಒಬ್ಬಾಕೆ ಎದ್ದು ಬಂದು ಗೆರೆಯ ಉಬ್ಬಿನ ಮೇಲೆ ಬೆರಳಿಟ್ಟಳು.

“ಸರ್, ಇದ್ರಾಗ ನಮ್ಮತ್ತಿ ಎಲ್ಲಿ ಅದಾಳ್ರಿ?”

“ಹೆಸರು ಬರೂದಿಲ್ಲವ್ವ. ಯಾರು ಹುಡುಕ್ಯಾರ ಅಂತ ನನಗೂ ಗೊತ್ತಾಗೂದಿಲ್ಲ.”

“ಖರೇನಾ?” ಅಂದವಳು ಅಲ್ಲೇ ಮೊಬೈಲ್ ಬಾಯಿಗೆ ಹಿಡಿದು, “ಅತ್ತಿ ಸಿಟ್ಟು ಹ್ಯಾಂಗ ಇಳಸಬೇಕು?” ಅಂತ ಕೇಳಿದಳು. ಉಳಿದವರೂ ಚೀಲದಿಂದ ಮೊಬೈಲ್ ತೆಗೆದರು. ನನ್ನ ಭಾಷಣ ಅಲ್ಲಿಗೇ ಮುಗಿಯಿತು.

೩. ಸಾಹೇಬರ ಚೀಟಿ

ಕೋಣೆ ಉಳಿಸಿಕೊಳ್ಳಬೇಕಲ್ಲ? ‘ಮಾನಸಿಕ ಆರೋಗ್ಯ ವಿಭಾಗ’ ಅನ್ನುವ ಬೋರ್ಡು ಇಳಿಸಿ, ‘ನಿದ್ದಿ ಬರವಲ್ದಾ? ಒಳಗ ಬರ್ರಿ’ ಅಂತ ಬರೆಸಿದೆ. ಮೊದಲ ವಾರ ಒಬ್ಬರು, ಆಮೇಲೆ ಇಬ್ಬರು. ತಿಂಗಳ ಕೊನೆಗೆ ಸಾಹೇಬರು ಬಂದ ದಿನ ಹೊರಗಿನ ಬೆಂಚಿನ ಮೇಲೆ ನಾಲ್ಕು ಮಂದಿ ಕೂತಿದ್ದರು.

“ಬರೇ ನಾಕ ಮಂದಿ ಸಲುವಾಗಿ ಕೋಣಿ ಬೇಕೇನ್ರಿ?” ಅಂದರು ಸಾಹೇಬರು.

ನಾನು ಗೆರೆ ತೋರಿಸಿದೆ. “ಬೆಂಚಿಗೆ ಇನ್ನಾ ಬರಲಾರದವರು ಇವರು ಸರ್.”

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ನಿದ್ದಿ ಬರಲಾರದವರು ಇಷ್ಟ ಮಂದಿ ಅದಾರೇನ್ರಿ?”

“ಹೌದ್ರಿ ಸರ್.”

“ನಾ ಒಬ್ಬನ ಅಂತ ತಿಳಕೊಂಡಿದ್ದೆ.”

ಸಾಹೇಬರು ಕೋಣೆ ಬಂದ್ ಮಾಡಲು ತಂದಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಕುರ್ಚಿ ಹತ್ತಿರ ಎಳೆದು, “ನಂದು ಎರಡು ವರ್ಷದಿಂದ…” ಅಂತ ಶುರು ಮಾಡಿದರು.

ಅಷ್ಟರಲ್ಲಿ ಆಯಾ ಅವರ ಕೈಗೆ ಒಂದು ಚೀಟಿ ಕೊಟ್ಟಳು.

“ನಿಮ್ಮದು ಐದನೇ ನಂಬರ್ರಿ ಸಾಹೇಬ್ರ. ಹೊರಗ ಕುಂದರ್ರಿ.”