ಕ್ಲೋಸಿಂಗ್ ಅಂದರೆ ಬಾಗಿಲು ಮುಚ್ಚೋದಲ್ಲ

ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ವಕೀಲರ ಆಫೀಸಿಗೆ ನಮ್ಮವರು ಯಾರಾದರೂ ಮನೆ ಕೊಳ್ಳಲು ಬಂದರೆ ಕಾಗದಪತ್ರವೆಲ್ಲ ನೆಟ್ಟಗೇ ಇರುತ್ತಿತ್ತು, ಆದರೂ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ತೊಂಬತ್ತರ ದಶಕ ಅದು. ಬೆಂಗಳೂರು, ಮೈಸೂರಿನಿಂದ ಬಂದವರು ಒಬ್ಬೊಬ್ಬರಾಗಿ ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆ ಮಾಡುತ್ತಿದ್ದರು. ಅಲ್ಲಿ ಮನೆ ಕೈ ಬದಲಾಗುವುದು ವಕೀಲರ ಮೇಜಿನ ಮೇಲೆ. ಕೊಳ್ಳುವವರು ಬಂದು ಕೂತು ಒಂದು ರಾಶಿ ಹಾಳೆಗೆ ಸೈನ್ ಹಾಕುತ್ತಾರೆ, ಪತ್ರ ಕೋರ್ಟ್‌ಹೌಸಿನಲ್ಲಿ ದಾಖಲಾಗುತ್ತದೆ, ಬೀಗದ ಕೈ ಸಿಗುತ್ತದೆ. ಆ ಹಾಳೆಗಳನ್ನು ಟೈಪ್ ಮಾಡುವವಳು ನಾನು. ಕನ್ನಡ ಬರುತ್ತದೆ ಅನ್ನುವ ಒಂದೇ ಪಾಪಕ್ಕೆ ಊರಿನ ಪ್ರಶ್ನೆಗಳೆಲ್ಲ ನನ್ನ ಫೋನಿಗೇ ಬರುತ್ತಿದ್ದವು.

ಶುಭಕಾರ್ಯಕ್ಕೆ ಇದೆಂಥ ಹೆಸರು

ಸೈನ್ ಹಾಕುವ ಆ ದಿನಕ್ಕೆ ಅಮೆರಿಕದಲ್ಲಿ ‘ಕ್ಲೋಸಿಂಗ್’ ಅನ್ನುತ್ತಾರೆ. ನಮ್ಮ ಕಡೆಯ ಹಿರಿಯ ಡಾಕ್ಟರೊಬ್ಬರಿಗೆ ಹಾಗೆಂದು ಕಾಗದ ಹೋಯಿತು. ಮರುದಿನ ಬೆಳಗ್ಗೆಯೇ ಫೋನ್.

“ಏನಮ್ಮಾ, ದೀಪ ಆರಿಸು ಅಂತ ನಾವು ಬಾಯಲ್ಲಿ ಆಡಲ್ಲ, ದೊಡ್ಡದು ಮಾಡು ಅಂತೀವಿ. ಬಳೆ ಒಡೀತು ಅನ್ನಲ್ಲ, ಹೆಚ್ಚಿತು ಅಂತೀವಿ. ನೀನು ನೋಡಿದ್ರೆ ಹೊಸ ಮನೆಗೆ ಕ್ಲೋಸಿಂಗ್ ಅಂತ ಬರೆದು ಕಳಿಸಿದೀಯ!”

“ಅಂಕಲ್, ಇಲ್ಲಿ ಎಲ್ಲರೂ ಹಾಗೇ ಅನ್ನೋದು.”

“ಅಂದ್ಕೊಳ್ಳಲಿ. ನಮ್ಮದಕ್ಕೆ ಓಪನಿಂಗ್ ಅಂತ ಹಾಕು.”

ನಮ್ಮ ವಕೀಲರು ಅಮೆರಿಕದ ತೆಂಕಣ ಸೀಮೆಯ ಹಳೇ ಕಾಲದ ಮನುಷ್ಯ, ಬಿಳಿ ತಲೆ, ಬೋ ಟೈ, ಯಾರಿಗೂ ಇಲ್ಲ ಎನ್ನದ ನಾಲಿಗೆ. “ಅವರಿಗೆ ಸಂತೋಷವಾಗೋದಾದರೆ ನಮ್ಮ ಗಂಟೇನು ಹೋಗುತ್ತೆ?” ಎಂದರು. ನಾನು ಬಾಗಿಲ ಬಳಿಯ ಬೋರ್ಡಿನ ಮೇಲೆ ‘ಹತ್ತು ಗಂಟೆಗೆ ಓಪನಿಂಗ್’ ಎಂದು ದಪ್ಪಕ್ಷರದಲ್ಲಿ ಬರೆದೆ. ಡಾಕ್ಟರು ಬಂದು ಬೋರ್ಡು ನೋಡಿ ಹಿರಿಹಿರಿ ಹಿಗ್ಗಿ ಸೈನ್ ಹಾಕಿದರು. ಅವರನ್ನು ಕಳಿಸಿ ಈಚೆ ಬಂದರೆ ಕೋಟು ತೊಟ್ಟ ಅಪರಿಚಿತ ಗೃಹಸ್ಥರೊಬ್ಬರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೆಲಸ ಖಾಲಿ ಇದ್ದರೂ ಅಲ್ಲಿ ಓಪನಿಂಗ್ ಅಂತಲೇ ಅನ್ನುವುದು ನನಗೆ ಹೊಳೆದಿರಲೇ ಇಲ್ಲ.

“ಹತ್ತಕ್ಕೇ ಬರಬೇಕಿತ್ತು, ಟ್ರಾಫಿಕ್ಕು,” ಎಂದರು ಆತ. “ಕೆಲಸ ಆಗಲೇ ಬೇರೆಯವರಿಗೆ ಕೊಟ್ಟುಬಿಟ್ಟಿರಾ?”

ಮೂರನೆಯ ಹಕ್ಕುದಾರ

ಒಂದು ಶುಕ್ರವಾರ ಹನ್ನೊಂದು ಗಂಟೆಗೆ ಒಂದು ಸಾಫ್ಟ್‌ವೇರ್ ದಂಪತಿಯ ಸರದಿ. ಮಾರುವವರು ಬಂದರು, ಬ್ಯಾಂಕಿನವರು ಬಂದರು. ಕೊಳ್ಳುವವರು ಮಾತ್ರ ಹೊರಗೆ ಕಾರಿನಲ್ಲಿ ಕೂತೇ ಇದ್ದಾರೆ, ಇಳಿಯುತ್ತಿಲ್ಲ. ಹೋಗಿ ಕಿಟಕಿ ತಟ್ಟಿದೆ.

“ರಾಹುಕಾಲ ಕಣ್ರೀ, ಹನ್ನೆರಡರವರೆಗೆ,” ಎಂದರು ಗಂಡ.

ಪಕ್ಕದಿಂದ ಹೆಂಡತಿ, “ನಾನು ಹೇಳ್ತಾನೇ ಇದೀನಿ, ಬೆಂಗಳೂರಲ್ಲಿ ಈಗ ರಾತ್ರಿ, ರಾಹುಕಾಲ ಯಾವತ್ತೋ ಮುಗಿದುಹೋಯ್ತು ಅಂತ. ಕೇಳಲ್ಲ!” ಎಂದರು.

“ಮನೆ ಬೆಂಗಳೂರಲ್ಲಿದೆಯೇನೇ? ಕ್ಯಾರಿ ಮನೆಗೆ ಕ್ಯಾರಿ ರಾಹು.”

ಇವರಿಬ್ಬರ ತೀರ್ಮಾನ ಹನ್ನೆರಡಕ್ಕೆ ಮುಂಚೆ ಆಗುವ ಹಾಗೆ ಕಾಣಲಿಲ್ಲ. ಒಳಗೆ ಬಂದು ವಕೀಲರಿಗೆ, ರಾಹುವಿನಿಂದಾಗಿ ಒಂದು ಗಂಟೆ ತಡ ಎಂದೆ. ಅವರು ಗಾಬರಿಯಿಂದ ಫೈಲಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಅರವತ್ತು ವರ್ಷಗಳ ಹಿಂದಿನವರೆಗೂ ಆ ಜಾಗದ ಹಕ್ಕುಪತ್ರಗಳನ್ನು ತಾವೇ ಜಾಲಾಡಿದ್ದವರು.

“ರಾಹು ಅನ್ನೋರ ಹೆಸರು ಎಲ್ಲೂ ಸಿಕ್ಕಿಲ್ಲವಲ್ಲ,” ಎಂದರು. “ಅವರಿಗೂ ಈ ಮನೆ ಮೇಲೆ ಹಕ್ಕಿದ್ದರೆ ಹೆಂಡತಿ ಸಮೇತ ಬಂದು ಸೈನ್ ಹಾಕಬೇಕಾಗುತ್ತೆ!”

ಗೋಡೆ ಪರೀಕ್ಷೆ

ಸೈನ್ ಹಾಕುವ ಮುನ್ನ ಕೊಳ್ಳುವವರು ಮನೆಯನ್ನು ಕೊನೆಯದಾಗಿ ಒಮ್ಮೆ ನೋಡಿ ಬರುವುದು ಪದ್ಧತಿ. ಕೊಳ್ಳುವವರೊಬ್ಬರ ಮಾವ, ಮೈಸೂರಿನಿಂದ ಬಂದಿದ್ದ ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರ್, ತಾವೂ ಹೊರಟರು. ದಾರಿ ತೋರಿಸಲು ನಾನೂ ಹೋಗಿದ್ದೆ. ಮಾವ ಗೋಡೆಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿದರು. ಡಬಡಬ ಸದ್ದು. “ಇದು ಗೋಡೆಯೋ ಬಿಸ್ಕತ್ತಿನ ಡಬ್ಬವೋ!” ಎಂದು ಮುಂದಿನ ಗೋಡೆಗೂ ಬಡಿದರು. ಎಲ್ಲಿಂದಲೋ ಕ್ಷೀಣವಾಗಿ “ಕಮ್ ಇನ್!” ಎಂದು ಕೇಳಿಸಿತು. ಮನೆ ಮಾರುತ್ತಿದ್ದ ಅಜ್ಜಿ ಒಳಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು.

ಮಾವ ಐದು ಕೋಣೆ ಬಡಿದರು, ಅಜ್ಜಿ ಐದು ಸಲ “ಕಮ್ ಇನ್” ಎಂದರು. ಕೊನೆಗೆ ಅಳಿಯನನ್ನು ಪಕ್ಕಕ್ಕೆ ಕರೆದು ಮಾವ ಪಿಸುಗುಟ್ಟಿದರು: “ಗೋಡೆ ಲೊಡ್ಡು. ಆದ್ರೆ ಮರ್ಯಾದಸ್ಥ ಗೋಡೆ.”

ರೀ

ಈ ಪ್ರಸಂಗ ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬರುತ್ತದೆ. ಆ ದಿನ ಮಾತ್ರ ಅಳುವೇ ಬಂದಿತ್ತು.

ಮದುವೆಯಾಗಿ ಹದಿನೆಂಟು ವರ್ಷದ ದಂಪತಿ. ಗಂಡನನ್ನು ಕಂಪನಿ ಟ್ರೇನಿಂಗಿಗೆಂದು ಟೆಕ್ಸಾಸಿಗೆ ಕಳಿಸಿತ್ತು. ತಮ್ಮ ಪರವಾಗಿ ಸೈನ್ ಹಾಕುವ ಅಧಿಕಾರಪತ್ರವನ್ನು ಅವರು ಹೆಂಡತಿಗೆ ಬರೆದುಕೊಟ್ಟು ಹೋಗಿದ್ದರು. ಆಕೆ ಬಂದಾಗ ಮೂರೂವರೆ. ಅಪಾರ್ಟ್‌ಮೆಂಟಿನ ಬೀಗದ ಕೈ ಮಧ್ಯಾಹ್ನವೇ ವಾಪಸ್ ಕೊಟ್ಟಾಗಿತ್ತು. ಸಾಮಾನು ತುಂಬಿದ ಟ್ರಕ್ಕು ನಮ್ಮ ಆಫೀಸಿನ ಮುಂದೆಯೇ ನಿಂತಿತ್ತು. ಐದರೊಳಗೆ ಪತ್ರ ದಾಖಲಾಗದಿದ್ದರೆ ಸಾಲದ ಮಂಜೂರಾತಿಯ ಗಡುವು ಮುಗಿದು ಮನೆ ಇನ್ನೊಬ್ಬರ ಪಾಲು.

ವಕೀಲರು ಫೈಲು ತೆರೆದವರೇ ಹುಬ್ಬು ಗಂಟಿಕ್ಕಿದರು. ಅಧಿಕಾರಪತ್ರದಲ್ಲಿ ಗಂಡನ ಹೆಸರು ಸೂರ್ಯನಾರಾಯಣ. ಮನೆ ಒಪ್ಪಂದದಲ್ಲಿ ‘ರೇ’. ಆ ಒಪ್ಪಂದ ಬರೆದ ಅಮೆರಿಕನ್ ಏಜೆಂಟಮ್ಮ ಎರಡು ತಿಂಗಳು ಇವರನ್ನು ಮನೆ ಮನೆ ಸುತ್ತಿಸಿದ್ದರು. “ರೀ, ಅಡಿಗೆಮನೆ ನೋಡಿ”, “ರೀ, ಇಲ್ಲಿ ಬನ್ನಿ” ಎಂದು ಈಕೆ ಕರೆಯುವುದನ್ನು ಕೇಳಿ ಕೇಳಿ, ಅದು ತಮ್ಮ ಕಡೆಯ ‘ರೇ’ ಅನ್ನುವ ಹೆಸರೇ ಎಂದು ಬರೆದುಕೊಂಡಿದ್ದರು. ಗಂಡನೋ, ಓದದೆ ಸೈನ್ ಗೀಚಿದ್ದರು.

ನಾನು ವಿವರಿಸಿದೆ. ವಕೀಲರು ತಲೆಯಾಡಿಸಿದರು. “ನೀನು ಹೇಳಿದರೆ ಆಗಲ್ಲ. ಬರೆದದ್ದೂ ಸಾಲದು, ಬರೆದದ್ದರಲ್ಲೇ ಎರಡು ಹೆಸರಿದೆ. ಪ್ರಮಾಣ ಮಾಡಿ ಈಕೆಯೇ ಬಾಯಲ್ಲಿ ಹೇಳಲಿ. ಮೇಡಂ, ನಿಮ್ಮ ಗಂಡನ ಪೂರ್ತಿ ಹೆಸರೇನು?”

ಬಲಗೈ ಎತ್ತಿದ್ದ ಆಕೆ ನೆಲ ನೋಡಿದರು. “ಅಯ್ಯೋ, ಅವರ ಹೆಸರು ಹೇಗ್ರೀ ಹೇಳೋದು?” ಎಂದರು ನನಗೆ. “ನಮ್ಮತ್ತೆ ಏನಂದಾರು? ಅವರ ಆಯುಸ್ಸಿನ ಪ್ರಶ್ನೆ.”

“ಸನ್ನೇಲಾದ್ರೂ ತೋರಿಸಿ,” ಎಂದೆ. ಅದೇ ನಾನು ಮಾಡಿದ ತಪ್ಪು.

ಆಕೆ ಕಿಟಕಿಯಾಚೆಯ ಸೂರ್ಯನಿಗೆ ಬೆರಳು ತೋರಿಸಿ ಕೈಮುಗಿದರು. ವಕೀಲರು ಮೆಲ್ಲಗೆ ಕನ್ನಡಕ ತೆಗೆದರು.

“ಛೆ, ಮೇಡಂ... ಯಾವಾಗ ಹೋದರು?”

“ನಿನ್ನೆ ಬೆಳಗ್ಗೆ,” ಎಂದರು ಆಕೆ. ಟೆಕ್ಸಾಸಿಗೆ ಹೋದದ್ದು ನಿನ್ನೆ ಬೆಳಗ್ಗೆ, ನಿಜ.

ವಕೀಲರು ಫೈಲು ಮುಚ್ಚಿಬಿಟ್ಟರು. ಬರೆದುಕೊಟ್ಟವರು ತೀರಿಕೊಂಡರೆ ಅಧಿಕಾರಪತ್ರವೂ ಸತ್ತ ಹಾಗೆ. “ಇಲ್ಲ ಸಾರ್, ಬದುಕಿದ್ದಾರೆ!” ಎಂದು ಕೂಗಿ ಹೋಟೆಲಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಗಂಡ “ಹಲೋ” ಎಂದರು. ವಕೀಲರು ಮಣಿಯಲಿಲ್ಲ. “ಹಲೋ ಅಂತ ಯಾರು ಬೇಕಾದರೂ ಅಂದಾರು. ಇದು ರೇನೋ, ಇನ್ನೊಬ್ಬರೋ? ನನ್ನ ಮೂವತ್ತು ವರ್ಷದ ವಕೀಲಿಕೆಯಲ್ಲಿ ಗಂಡನ ಹೆಸರು ಗೊತ್ತಿಲ್ಲದ ಹೆಂಡತೀನ ನಾನು ನೋಡಿಲ್ಲ.”

ಗಡಿಯಾರ ನಾಲ್ಕು ದಾಟಿತ್ತು. ಆಕೆಯ ಕಣ್ಣು ತುಂಬಿ ಬಂತು. “ಬೇಡ ಬಿಡಿ, ನಮಗೆ ಈ ಮನೆ ಋಣ ಇಲ್ಲ,” ಎಂದು ಪರ್ಸು ಎತ್ತಿಕೊಂಡು ಬಾಗಿಲ ಕಡೆ ನಡೆದರು. ನನಗೆ ಅದೇನು ಹೊಳೆಯಿತೋ, ಓಡಿ ಹೋಗಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದೆ.

“ಹೆಸರು ಹೇಳದೆ ಹೊಸಲು ದಾಟೋ ಹಾಗಿಲ್ಲ! ಒಡಪು ಹೇಳಿ!”

ಮದುಮಗಳನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವ ಶಾಸ್ತ್ರ ಯಾರಿಗೆ ಗೊತ್ತಿಲ್ಲ? ಪದ್ಯದಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲ, ಅತ್ತೆಯೂ ಒಪ್ಪುತ್ತಾರೆ. ಆಕೆಯ ಮುಖದಲ್ಲಿ ಅಳುವಿನ ನಡುವೆಯೇ ನಾಚಿಕೆ ಮೂಡಿತು. ಸೆರಗನ್ನೂ ಗಂಟಲನ್ನೂ ಸರಿಮಾಡಿಕೊಂಡು ರಾಗವಾಗಿ ಹೇಳಿಯೇಬಿಟ್ಟರು:

“ಬಾಡಿಗೆ ಮನೆ ಬೀಗ ಕೊಟ್ಟಾಯ್ತು, ಟ್ರಕ್ಕು ಬಾಗಿಲಿಗೆ ಬಂದಾಯ್ತು,
ನಮ್ಮ ಸೂರ್ಯನಾರಾಯಣರಾಯರ ಹೆಸರಲ್ಲಿ ಸೈನು ಹಾಕೋ ಹೊತ್ತಾಯ್ತು!”

ವಕೀಲರಿಗೆ ಅರ್ಥವಾದದ್ದು ಆ ಹೆಸರೊಂದೇ. ಅಷ್ಟು ಸಾಕಾಯಿತು. ಎದ್ದು ನಿಂತು ಚಪ್ಪಾಳೆ ತಟ್ಟಿ ಪೆನ್ನು ಮುಂದೆ ಹಿಡಿದರು. ಸಂತೋಷಕ್ಕೆ ನನ್ನ ಕಣ್ಣೂ ಒದ್ದೆಯಾಗಿತ್ತು. ಐದಕ್ಕೆ ಎಂಟು ನಿಮಿಷ ಇರುವಾಗ ಪತ್ರ ದಾಖಲಾಗಿ ಮನೆ ಅವರದಾಯಿತು. ಆದರೆ ಅದಕ್ಕೂ ಮುಂಚೆ, ಆಕೆ ಕೊನೆಯ ಹಾಳೆಗೆ ಸೈನ್ ಹಾಕುತ್ತಿರುವಾಗ, ನಾವೆಲ್ಲ ಮರೆತೇಬಿಟ್ಟಿದ್ದ ಸ್ಪೀಕರ್ ಫೋನಿನಿಂದ ಗಂಡನ ಧ್ವನಿ ಸಂಕೋಚದಿಂದ ಕೇಳಿಸಿತು:

“ಹಲೋ... ಯಾರಮ್ಮಾ ಅದು, ನನ್ನ ಹೆಸರು ಹಿಡಿದು ಕರೆದಿದ್ದು? ಒಂಚೂರು ಮೆತ್ತಗೆ ಮಾತಾಡಿ, ನನ್ನ ಹೆಂಡತಿ ಅಲ್ಲೇ ಎಲ್ಲೋ ಇದಾಳೆ!”