ಅದಲುಬದಲಿನ ದಿನಚರಿ

ನಾಳಿಂದ ದಿನಾ ದಿನಚರಿ ಬರೀತೀನಿ ಅಂತ ಯಾರರ ಮನಸ್ಸು ಗಟ್ಟಿ ಮಾಡಿದ್ರ ಸಾಕು, ಮನಿ, ಕಚೇರಿ, ಓಣಿ, ಬೀಗರು ಎಲ್ಲಾ ಕೂಡಿ ಅವನ ಮ್ಯಾಲೆ ಬೀಳ್ತಾರ. ನನಗಂತೂ ಹಂಗಾತು. ದೇವದುರ್ಗದ ತಹಸೀಲ ಕಚೇರ್ಯಾಗ ನಾನು ಗುಮಾಸ್ತ. ಲಡಾಯಿ ಕಾಲ ಅದು. ಸಕ್ರಿ ಇಲ್ಲ, ಸೀಮಿಎಣ್ಣಿ ಇಲ್ಲ, ಕಾಗದ ಇಲ್ಲ. ಅಂಥಾದ್ರಾಗ ನನ್ನ ಮನ್ಯಾಗ ಹೆಂಡತಿನೂ ಇಲ್ಲ! ಮದವಿಯಾದ ಎರಡನೇ ವರ್ಷಕ್ಕ ಚೊಚ್ಚಲ ಹೆರಿಗಿಗಂತ ಮಾನ್ವಿಗೆ, ತವರಿಗೆ ಹೋಗಿದ್ಲು. ಕೂಸಿಗೆ ಐದು ತಿಂಗಳು ತುಂಬಿದ ಮ್ಯಾಲೆ ಕಳಸ್ತೀವಿ ಅಂದಿದ್ರು ಅವರ ಮನಿಯವರು. ಹೆರಿಗಿಗೆ ಇನ್ನೂ ಮೂರು, ಆಮ್ಯಾಲೆ ಐದು, ಬೆರಳು ಮಡಚಿ ಎಣಿಸಿದೆ. ಎಂಟು ತಿಂಗಳು! ಎಂಟು ದಿನ ಅಂದಿದ್ರ ಹೆಂಗೋ ತಡಕೋತಿದ್ದೆ.

ಇಂಗಿನ ಚೂರ್ಣ

ಮೊದಲನೇ ವಾರದಾಗೇ ಒಂದು ಪತ್ರ ಬರದೆ. "ನೀ ಇಲ್ಲದ ಮನ್ಯಾಗ ಅನ್ನ ಗಂಟಲದಾಗ ಇಳಿಯವಲ್ದು, ಹೊಟ್ಯಾಗ ಏನೋ ಸಂಕಟ" ಅಂತ. ಆ ಮನ್ಯಾಗ ಪತ್ರ ಯಾರ ಹೆಸರಿಗೆ ಬಂದ್ರೂ ಮಾವನವರೇ ಒಡೀತಾರ ಅನ್ನೋದು ನನಗ ಮರತೇ ಹೋಗಿತ್ತು. ಅವರು ಗುಡ್ಯಾಗ ಪುರಾಣ ಹೇಳೋರು. ಪಡಸಾಲ್ಯಾಗ ಎಲ್ಲಾರ್ನೂ ಕುಂದರಿಸಿ, ನನ್ನ ಪತ್ರಾನೂ ಒಂದೊಂದೇ ಸಾಲು ರಾಗವಾಗಿ ಓದಿ, ಅರ್ಥಾ ಹೇಳಿ, ಆಮ್ಯಾಲೆ ಮುಂದಿನ ಸಾಲಿಗೆ ಹೋದ್ರಂತ. ಹೆಂಡತಿ ಅಡಗಿಮನಿ ಬಾಗಲ ಹಿಂದ ನಿಂತು ಸೆರಗಿನ್ಯಾಗ ಮಾರಿ ಮುಚ್ಚಿಕೊಂಡಿದ್ಲಂತ.

ಎಂಟು ದಿನಕ್ಕ, ಮಾನ್ವಿಯಿಂದ ನಮ್ಮೂರ ಸಂತಿಗೆ ಬಂದವರೊಬ್ಬರು ಮನಿಗೆ ಬಂದು ಒಂದು ಗಂಟು ಕೊಟ್ರು. ಒಳಗ ಅರ್ಧ ಸೇರು ಇಂಗಿನ ಚೂರ್ಣ. "ಅಳಿಯಂದ್ರಿಗೆ ಅಜೀರ್ಣ ಆಗ್ಯದಂತಲ್ರಿ. ಮಜ್ಜಿಗ್ಯಾಗ ಕಲಿಸಿ ಎರಡೂ ಹೊತ್ತು ತಗೋಬೇಕಂತ ನಿಮ್ಮ ಅತ್ತಿಯವರು ಹೇಳ್ಯಾರ" ಅಂದ್ರು.

ಗಂಟಿನ ತಳದಾಗ ಒಂದು ಚೀಟಿ ಇತ್ತು. ಆಕಿ ಅಕ್ಷರ! "ಇನ್ನ ಪತ್ರ ಬರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ನೋಟಬುಕ್ಕಿನ್ಯಾಗ ದಿನಾ ಬರದಿಡ್ರಿ. ನನಗೂ ಒಂದು ಕಳಸ್ರಿ, ನಾನೂ ಬರೀತೀನಿ. ಬಂದ ಮ್ಯಾಲೆ ಅದಲುಬದಲು ಮಾಡಿ ಓದೋಣು. ಒಂದ ದಿನಾನೂ ತಪ್ಪಂಗಿಲ್ಲ." ಚೀಟಿ ಇಂಗಿನ ವಾಸನಿ ಹೊಡೀತಿತ್ತು. ಆದ್ರೂ ಅದನ್ನ ಅಂಗಿ ಕಿಸೇದಾಗ, ಎದಿ ಮ್ಯಾಲೆ ಇಟಗೊಂಡು ತಿರಗಿದೆ. ಬಾಜೂಕ ಕುಂತವರೆಲ್ಲಾ "ಇನ್ನೂ ಅಜೀರ್ಣ ಹೋಗಿಲ್ಲೇನ್ರಿ?" ಅಂತ ಕೇಳ್ತಿದ್ರು.

ಎರಡು ತುದಿ

ಕಚೇರಿ ಕೆಲಸಕ್ಕ ರಾಯಚೂರಿಗೆ ಹೋದಾಗ, ಸ್ಟೇಶನ್ ಹತ್ರ ಒಂದು ಅಂಗಡ್ಯಾಗ ಗೋಗರದು ಎರಡು ನೋಟಬುಕ್ ತಂದೆ. ಒಂದು ಮಾನ್ವಿಗೆ ಹೋತು. ಇನ್ನೊಂದು ಕಚೇರ್ಯಾಗ ಇಟ್ಟು, ಕೆಲಸ ಮುಗಿದ ಮ್ಯಾಲೆ ನಾಕು ಸಾಲು ಬರಿಯಾಕ ಹತ್ತಿದೆ.

ಆಗ ಕಚೇರಿ ಬರವಣಿಗಿ ಎಲ್ಲಾ ಉರ್ದು. ಮುಂಜಾನಿಂದ ಬಲಗಡಿಂದ ಎಡಗಡಿಗೆ ಬರದು ಬರದು ಕೈಗೆ ಅದೇ ರೂಢಿ. ಸುಸ್ತಾದ ದಿನ ನನ್ನ ನೋಟಬುಕ್ಕೂ ಉರ್ದು ಪುಸ್ತಕದಂಗ ಹಿಂದಿನ ರಟ್ಟಿಂದ ತಗೀತಿದ್ದೆ. ಹುಷಾರಿದ್ದ ದಿನ ಕನ್ನಡದಂಗ ಮುಂದಿನ ರಟ್ಟಿಂದ. ಬರಿಯೋದು ಕನ್ನಡಾನ, ಹಾಳಿ ಅಷ್ಟ ಉಲ್ಟಾ. ಎರಡು ತಿಂಗಳಾದ ಮ್ಯಾಲೆ ನೋಡ್ತೀನಿ, ಸೋಮವಾರ ಈ ತುದ್ಯಾಗ ಅದ, ಮಂಗಳವಾರ ಆ ತುದ್ಯಾಗ ಅದ, ನಡುವ ಎಲ್ಲಾ ಖಾಲಿ. ಆಕಿ ಓದೋದರ ಹೆಂಗ ಇದನ್ನ?

ತಲಿ ಮ್ಯಾಲೆ ಕೈ ಹೊತ್ತು ಕುಂತಿದ್ದೆ. ನಮ್ಮ ಪೇಶಕಾರ ಸಾಹೇಬರು ನೋಡಿದ್ರು. ಕಚೇರಿಗೆಲ್ಲಾ ಹಿರಿಯರು. ಮನ್ಯಾಗ ದಖನಿ ಮಾತು, ನಮ್ಮ ಕೂಡ ಕನ್ನಡ. ನೋಟಬುಕ್ ಇಸ್ಕೊಂಡು ಎರಡೂ ಕಡಿಂದ ತಿರುವಿ ಹಾಕಿದ್ರು. "ಕ್ಯಾ ಜೀ, ಇದೇನು ತಮಾಶಾ?"

ಹಿಂಗಿಂಗ ಅಂತ ಎಲ್ಲಾ ಹೇಳಿದೆ. ನಗ್ತಾರ ಅಂದ್ಕೊಂಡ್ರ, ಚಸ್ಮಾ ತಗದು ಒರಸ್ಕೊಂಡ್ರು. "ಫಿಕರ್ ಮಾಡಬ್ಯಾಡ್ರಿ. ಹಿಂಗ ಎರಡೂ ಕಡಿಂದ ಬರಕೋತ ಹೋಗ್ರಿ, ನಡುವ ಎಲ್ಲೋ ಒಂದ ಕಡಿ ಕೂಡ್ತಾವ. ನೀವಿಬ್ಬರೂ ಕೂಡೋತನಕ ನಿಮ್ಮ ಹಾಳಿಗಳರ ಕೂಡ್ಲಿ!"

ರಾಮಕೋಟಿ

ಕಚೇರ್ಯಾಗ ಕೆಲಸ ಹೆಚ್ಚಾದ್ಹಂಗ ಬರಿಯೋದು ತಪ್ಪಾಕ ಹತ್ತಿತು. ತಪ್ಪಿದ ದಿನ ಹೆಂಡತಿ ಸೊಂಟದ ಮ್ಯಾಲೆ ಕೈ ಇಟ್ಟು ಎದುರಿಗೆ ನಿಂತಂಗಾಗೋದು. ಅದಕ್ಕ ನೋಟಬುಕ್ ಮನಿಗೆ ತಂದು, ಮುಂಜಾನಿ ಜಳಕಾ ಆದಕೂಡಲೇ ಕಟ್ಟಿ ಮ್ಯಾಲೆ ಕುಂತು ಬರಿಯೋ ಪದ್ಧತಿ ಹಾಕಿದೆ.

ಮನಿ ಮಾಲಕಿ ಅಜ್ಜಿ ಎದುರಿನ ಖೋಲ್ಯಾಗ ಇರ್ತಿದ್ಲು. ಓದಾಕ ಬರ್ತಿದ್ದಿಲ್ಲ. ಜಳಕಾ ಮಾಡಿ, ಮಡಿ ಧೋತರ ಉಟ್ಟು, ಯಾರ ಕೂಡಾನೂ ಮಾತಾಡದ ಬರಿಯೋ ನನ್ನ ನೋಡಿ, ಇವಾ ರಾಮಕೋಟಿ ಬರಿಯಾಕತ್ತಾನ ಅಂತ ಗಟ್ಟಿ ಮಾಡ್ಕೊಂಡ್ಲು. ಶ್ರೀರಾಮ ಶ್ರೀರಾಮ ಅಂತ ಕೋಟಿ ಸಲ ಬರದು ಗುಡಿಗೆ ಒಪ್ಪಿಸೋರು ನಮ್ಮ ಕಡಿ ಭಾಳ ಮಂದಿ.

ಅವತ್ತಿಂದ ನನಗ ತಪ್ಪಿಸ್ಕೊಳ್ಳಾಕ ದಾರಿನೇ ಉಳೀಲಿಲ್ಲ. ಒಂದೀಟು ತಡಾದ್ರ "ಏಳು ತಮ್ಮಾ, ದೇವರ ಕೆಲಸಕ್ಕ ಆಲಸ್ಯ ಬ್ಯಾಡ" ಅಂತ ಬಾಗಲಿಗೆ ಕೋಲು ಕುಟ್ಟೋಳು. ಖರೇ ಹೇಳಬೇಕಂದ್ರ, ದಿನಾ ಬರಿಯೋ ರೂಢಿ ನನಗ ಹತ್ತಿದ್ದೇ ಆ ಕೋಲಿಗೆ ಅಂಜಿ. ಬರದಾದ ಮ್ಯಾಲೆ ನೋಟಬುಕ್ಕಿಗೆ ಕುಂಕುಮ ಹಚ್ಚಿ ಕಣ್ಣಿಗೆ ಒತ್ಕೊಳ್ಳೋಳು. ಅವತ್ತಿನ ಪುಟದಾಗ "ಇವತ್ತೂ ಬದನಿಕಾಯಿ. ನಿನ್ನ ಕೈಯಿಂದು ಎಣ್ಣಿಗಾಯಿ ನೆನಸ್ಕೊಂಡು ಅಳು ಬಂತು" ಅಂತ ಇರ್ತಿತ್ತು.

ಒಂದ ದಿನ ಓಣಿ ಹೆಣಮಕ್ಕಳನ್ನೆಲ್ಲಾ ಕರಕೊಂಡು ಬಂದು, ನೋಟಬುಕ್ ಮಣಿ ಮ್ಯಾಲಿಟ್ಟು, ಪ್ರದಕ್ಷಿಣಿ ಹಾಕಾಕ ಸುರು ಮಾಡಿಬಿಟ್ಲು. ಓಡಿ ಹೋಗಿ ಅಂದೆ, "ತಪ್ಪಾತು ಅಜ್ಜಿ, ಇದು ರಾಮಕೋಟಿ ಅಲ್ಲವ್ವಾ. ಹೆಂಡತಿ ತವರಿಗೆ ಹೋಗ್ಯಾಳಲ್ಲ, ಆಕಿ ನೆನಪು ಬರದೀನಿ."

ಹೆಣಮಕ್ಕಳು ಸೆರಗು ಬಾಯಿಗೆ ಒತ್ಕೊಂಡ್ರು. ಅಜ್ಜಿ ಸುತ್ತೋದು ನಿಲ್ಲಿಸಲಿಲ್ಲ. "ಇರ್ಲಿ ಬಿಡು. ಸೀತಿ ಇಲ್ಲದಾಗ ರಾಮದೇವರು ಅಡವ್ಯಾಗ ಮತ್ತೇನು ಮಾಡಿದ್ರೋ ತಮ್ಮಾ? ನಡೀರೇ, ಇನ್ನೆರಡು ಸುತ್ತು ಅದಾವ."

ಅದಲುಬದಲು

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಕ್ಕ ಕರದ್ರು. ದೇವದುರ್ಗದಿಂದ ರಾಯಚೂರಿಗೆ, ರಾಯಚೂರಿಂದ ಮಾನ್ವಿಗೆ, ಇಡೀ ದಿನ ಧೂಳು ಕುಡಕೋತ ಹೋದೆ. ಹೋಗಿ ಏನು ಬಂತು? ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡೋದು ಆ ಮನ್ಯಾಗ ಇದ್ದಿಲ್ಲ. ನಾ ಪಡಸಾಲ್ಯಾಗ ಮಾವನವರ ಬಾಜೂಕ, ಆಕಿ ಒಳಗ ಬಾಣಂತಿ ಖೋಲ್ಯಾಗ. ಕೂಸು ಮಾತ್ರ ಹೊರಗ ಬಂತು, ನನ್ನ ತೊಡಿ ಮ್ಯಾಲೆ ಒಂದೀಟು ಅತ್ತು, ಮತ್ತ ಆಕಿ ಕಡೀಗೇ ಹೋತು. ಹೆತ್ತ ಮಗಳ ಮ್ಯಾಲೆ ನನಗ ಹೊಟ್ಟಿಕಿಚ್ಚಾತು.

ಕಡೀಕ ಒಂದು ದಿನ ಹೆಂಡತಿ ಕೂಸಿನ ಕೂಡ ಮನಿಗೆ ಬಂದ್ಲು. ಬಿಡಾಕ ಬಂದಿದ್ದ ಅತ್ತಿಯವರು ಮಧ್ಯಾಹ್ನ ಊಟಾ ಮಾಡಿ ಅಜ್ಜಿ ಖೋಲ್ಯಾಗ ಅಡ್ಡಾದ್ರು. ನಾ ತಡೀಲಿಲ್ಲ. "ತಗಿ ನಿನ್ನ ನೋಟಬುಕ್ಕು" ಅಂದೆ. ಆಕಿ ನನ್ನದು ಹಿಡಕೊಂಡು ಒಮ್ಮೆ ನಗತಿದ್ಲು, ಒಮ್ಮೆ ಕಣ್ಣು ಒರಸ್ಕೋತಿದ್ಲು. ನಾ ಆಕಿದು ತಗದೆ.

ಮೊದಲನೇ ದಿನ, "ಇವತ್ತ ನಿಮ್ಮ ನೆನಪು ಬಂತು." ಎರಡನೇ ದಿನ, "ಇವತ್ತ ನಿಮ್ಮ ನೆನಪು ಬಂತು." ಹಾಳಿ ತಿರುವಿದೆ. ಅದೇ ಸಾಲು. ಹೆರಿಗಿ ದಿನಾನೂ ಅದೇ. ಮತ್ತ ತಿರುವಿದೆ. ನಾಳಿನ ತಾರೀಖಿಗೂ ಬರದಿತ್ತು! ನಾಡದ್ದಿಗೂ! ಮುಂದಿನ ತಿಂಗಳಿಗೂ!

"ಏನಿದು? ನಾಳಿದು ಇವತ್ತೇ ಹೆಂಗ ಬರದಿ?"

ಆಕಿ ಮಾರಿ ಕೆಂಪಾತು. "ಬೈಬ್ಯಾಡ್ರಿ. ನೋಟಬುಕ್ ಬಂದ ವಾರದಾಗ ಎರಡು ಮಧ್ಯಾಹ್ನ ಕುಂತು ಎಲ್ಲಾ ಬರದಿಟ್ಟುಬಿಟ್ಟೆ. ಕೂಸು ಹುಟ್ಟಿದ ಮ್ಯಾಲೆ ಪುರಸೊತ್ತೆಲ್ಲಿ ಸಿಗತದ? ಐದು ತಿಂಗಳು ಅಂದವರು ಖರೇನ ಯಾವಾಗ ಕಳಸ್ತಾರೋ ಅನ್ನೋದೂ ಗೊತ್ತಿದ್ದಿಲ್ಲ. ಅದಕ್ಕ ನೋಟಬುಕ್ ತೀರೋತನಕ ಬರದೆ."

ನನಗ ಸಿಟ್ಟು ಬಂತು. "ನಾ ಇಲ್ಲಿ ಬಿಸಲಂದಿಲ್ಲ, ಚಳಿ ಅಂದಿಲ್ಲ, ದಿನಾ ಕುಂತು ಬರದೀನಿ. ಇದು ಮೋಸ!"

"ಮೋಸ ಹೆಂಗಾಗ್ತದ? ತಾರೀಖು ಹಿಡದು ಕೇಳ್ರಿ. ಯಾವ ದಿನಾ ಬರದದ್ದು ಸುಳ್ಳಾಗ್ಯದ ಹೇಳ್ರಿ. ತೊಟ್ಟಿಲದ ದಿನ ನೀವು ಪಡಸಾಲ್ಯಾಗ ಕುಂತಿದ್ರಿ. ಅವತ್ತಂತೂ ಎಲ್ಲಾ ದಿನಕ್ಕಿಂತ ಹೆಚ್ಚು ನೆನಪಾಗಿತ್ತು."

ಸಿಟ್ಟು ಎಲ್ಲಿ ಹೋತೋ ಏನೋ. ಆದ್ರೂ ಸೋಲಬಾರದಂತ ಅಂದೆ, "ಈಗ ಬಂದೀಯಲ್ಲ. ನಾವಿಬ್ಬರೂ ಒಂದೇ ಮನ್ಯಾಗ ಇದ್ದೀವಿ. ನಾಳಿಂದು ಸುಳ್ಳಾತಿಲ್ಲೋ?"

ಆಕಿ ಕೂಸಿನ್ನ ಹೆಗಲಿಗೆ ಹಾಕ್ಕೊಂಡು, ತಲಿ ತಗ್ಗಿಸಿ ಕೇಳಿದ್ಲು, "ಯಾಕ್ರಿ, ನಾಳಿ ನೀವು ಕಚೇರಿಗೆ ಹೋಗಂಗಿಲ್ಲೇನು?"

ಅಷ್ಟು ಸಾಲಿನ್ಯಾಗ ಒಂದರ ಸುಳ್ಳು ಮಾಡಬೇಕಂತ, ಮರುದಿನ ರಜಾ ಚೀಟಿ ಬರದು ಕಳಿಸಿದೆ.